ಕ್ಯಾಂಡಲ್‌ಲೈಟ್ ಊಟಕ್ಕೆ ದುಡ್ಡಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 31 ವರ್ಷ, ಹೆಂಡತಿಗೆ 26. ಮದುವೆಯಾಗಿ ಮೂರು ವರ್ಷವಾಯಿತು. ಒಂದೂವರೆ ವರ್ಷದ ಮಗಳಿದ್ದಾಳೆ. ಕಲಬುರಗಿಯಲ್ಲಿ ಅವ್ವ, ಅಪ್ಪ, ತಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದೇವೆ. ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ, ತಿಂಗಳಿಗೆ 18 ಸಾವಿರ ಬರುತ್ತದೆ. ಹೆಂಡತಿ ಶಹಾಪುರದವಳು. ಇತ್ತೀಚೆಗೆ ರೀಲ್ಸ್ ನೋಡಿ "ನಾವೂ ಒಮ್ಮೆ ಡೇಟ್ ಹೋಗೋಣ್ರಿ" ಅನ್ನುತ್ತಾಳೆ. ಹೋಟೆಲಿನಲ್ಲಿ ವಿಚಾರಿಸಿದೆ. ಕ್ಯಾಂಡಲ್‌ಲೈಟ್ ಊಟ ಅಂದರೆ ಎರಡು ಸಾವಿರದ ಮೇಲೆ. ಅಷ್ಟು ಕೊಟ್ಟರೆ ತಿಂಗಳ ಕೊನೆಗೆ ಕೈಗಡ ತರಬೇಕು. ಇಲ್ಲ ಅಂದರೆ ಮಾರಿ ಸಣ್ಣದು ಮಾಡುತ್ತಾಳೆ. ಇಬ್ಬರೇ ಹೊರಗೆ ಹೋಗುವ ರೂಢಿ ನಮ್ಮ ಮನೆಯಲ್ಲಿಲ್ಲ, ಅವ್ವ ಏನಂದುಕೊಳ್ಳುತ್ತಾಳೋ ಅನ್ನುವ ಸಂಕೋಚ ಬೇರೆ. ಮಾರ್ಚ್‌ನಲ್ಲಿ ಮದುವೆಯ ದಿನ ಬರುತ್ತದೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದ ಒಂದು ಮಾತನ್ನು ಎರಡು ಸಲ ಓದಿದೆ. "ಹೋಟೆಲಿನಲ್ಲಿ ವಿಚಾರಿಸಿದೆ" ಅಂದಿದ್ದೀರಿ. ಹೆಂಡತಿಯನ್ನು ವಿಚಾರಿಸಿದಿರಾ? ಆ ರೀಲ್ಸ್‌ನಲ್ಲಿ ಆಕೆಗೆ ಹಿಡಿಸಿದ್ದು ಏನು ಅಂತ?

ಇಪ್ಪತ್ತು ವರ್ಷದಿಂದ ಈ ಊರಿನಲ್ಲಿ ಗಂಡ ಹೆಂಡಿರ ಮಾತು ಕೇಳುವುದೇ ನನ್ನ ಕೆಲಸ. ಈಚೆಗೆ ಈ ಡೇಟ್ ಜಗಳ ಹೊತ್ತು ಬರುವವರು ಜಾಸ್ತಿ ಆಗಿದ್ದಾರೆ. ಅಂಥವರು ಬಂದಾಗ ನಾನು ಹೆಂಡತಿಗೆ ಹೇಳುವುದು ಇಷ್ಟೇ: ಆ ವಿಡಿಯೋ ಹಾಕಿ, ನಿಮಗೆ ಇಷ್ಟವಾದ ಕಡೆ ನಿಲ್ಲಿಸಿ ತೋರಿಸಿ. ಕೇಕ್ ಬರುವ ಕಡೆ ನಿಲ್ಲಿಸಿದವರನ್ನು ನಾನು ಕಂಡಿದ್ದು ಕಡಿಮೆ. ಆಳಂದದ ಒಬ್ಬ ಹುಡುಗಿ ವಿಡಿಯೋ ನಿಲ್ಲಿಸಿ, ಬೆರಳಿಟ್ಟು, "ಇಲ್ಲಿ ನೋಡ್ರಿ ಮೇಡಂ, ಅಂವ ಫೋನ್ ಬೋರಲ ಇಟ್ಟಾನ. ಅಕಿ ಮಾರಿ ನೋಡಲತ್ತಾನ" ಅಂದಳು. ಪಕ್ಕದಲ್ಲಿ ಕುಳಿತಿದ್ದ ಗಂಡ ಆಗ ತನ್ನ ಫೋನನ್ನು ಜೇಬಿಗೆ ಹಾಕಿದ. ಹಾಗಾಗಿ ಮೊದಲ ಖರ್ಚು ಏನೂ ಇಲ್ಲ. ಇವತ್ತು ರಾತ್ರಿ ಆಕೆಯನ್ನು ಕೇಳಿ. ನಿಜವಾಗಿಯೂ ಮೇಣದಬತ್ತಿಯೇ ಬೇಕು ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಎರಡನೇ ವರ್ಷ ನಮ್ಮ ಯಜಮಾನರು ನನ್ನನ್ನು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದರು. ಆಗ ಅವರು ಶಾಲಾ ಮಾಸ್ತರು, ಸಂಬಳ ಅಷ್ಟಕ್ಕಷ್ಟೇ. ಮೆನು ಕಾರ್ಡ್ ಬಂತು. ಇಬ್ಬರೂ ಎಡಗಡೆ ಇರುವ ಹೆಸರು ಬಿಟ್ಟು ಬಲಗಡೆ ಇರುವ ರೇಟನ್ನೇ ಓದಿದೆವು. ಪಕ್ಕದಲ್ಲಿ ನಿಂತ ಹುಡುಗ ಐದು ನಿಮಿಷಕ್ಕೊಮ್ಮೆ "ಇನ್ನೇನು ಬೇಕು ಸರ್" ಅಂತ ಕೇಳುತ್ತಿದ್ದ. ಅರ್ಧ ಹೊಟ್ಟೆಯಲ್ಲಿ ಎದ್ದು ಬಂದೆವು. ದಾರಿಯಲ್ಲಿ ಬಿಲ್ಲಿನ ಬಗ್ಗೆ ಮಾತಿಗೆ ಮಾತು ಬೆಳೆದು ಮುಖ ತಿರುಗಿಸಿಕೊಂಡೆವು. ಆಮೇಲೆ ಒಂದು ಬಂಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಬಿಸಿ ಮಿರ್ಚಿ ಭಜಿ ತಿಂದು, ಬಾಯಿ ಉರಿದು, ಒಂದೇ ಲೋಟದ ನೀರಿಗೆ ಇಬ್ಬರೂ ಕೈ ಹಾಕಿ ನಕ್ಕೆವು. ಹೋಟೆಲಿನಲ್ಲಿ ಏನು ತಿಂದೆವು ಅನ್ನುವುದು ಈಗ ಇಬ್ಬರಿಗೂ ನೆನಪಿಲ್ಲ.

ನಿಮ್ಮ ತಾಪತ್ರಯ ದುಡ್ಡಿಗಿಂತ ಜಾಸ್ತಿ ಬೇರೆ ಕಡೆ ಇದೆ ಅನಿಸುತ್ತದೆ. ಎರಡು ಕೋಣೆ, ಐದು ಜನ ದೊಡ್ಡವರು, ಒಂದು ಕೂಸು. ನೀವಿಬ್ಬರೇ ಒಂದು ಗಂಟೆ ಕುಳಿತು ಮಾತಾಡಿದ್ದು ಯಾವಾಗ? ರಾತ್ರಿ ದೀಪ ಆರಿದ ಮೇಲೆ ಪಿಸುಮಾತಿನಲ್ಲಿ ಆಡುವುದು ಬಹಳ ಮನೆಗಳಲ್ಲಿ ಲೆಕ್ಕಾಚಾರದ ಮಾತು: ಹಾಲಿನವನಿಗೆ ಕೊಟ್ಟಿರಾ, ಸಿಲಿಂಡರ್ ಬುಕ್ ಆಯಿತಾ, ಕೂಸಿಗೆ ಸೂಜಿ ಯಾವಾಗ. ಇದೂ ಬೇಕು. ಆದರೆ ಇದನ್ನಷ್ಟೇ ಆಡುತ್ತಾ ಹೋದರೆ ಇಬ್ಬರೂ ಒಂದು ಆಫೀಸಿನ ಇಬ್ಬರು ಗುಮಾಸ್ತರ ಹಾಗೆ ಆಗಿಬಿಡುತ್ತೀರಿ.

ಅಮೆರಿಕದಲ್ಲಿ ಆರ್ಥರ್ ಆರನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 2000ದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನನಗೆ ಅದು ಬಹಳ ಇಷ್ಟ. ಕೆಲವು ಜೋಡಿಗಳಿಗೆ ಒಬ್ಬರ ಮುಂಗೈ, ಕಾಲನ್ನು ಇನ್ನೊಬ್ಬರದಕ್ಕೆ ಪಟ್ಟಿಯಿಂದ ಕಟ್ಟಿದರು. ಇಬ್ಬರ ಮಧ್ಯೆ ಒಂದು ಉರುಟು ದಿಂಬು. ಅದನ್ನು ಕೈಯಲ್ಲಿ, ಹಲ್ಲಿನಲ್ಲಿ ಹಿಡಿಯದೆ, ಬೀಳಿಸದೆ, ಅಂಬೆಗಾಲಿಟ್ಟು, ನಡುವೆ ಇರುವ ಅಡ್ಡ ದಾಟಿ ಹೋಗಿ ಬರಬೇಕು. ಬೇರೆ ಜೋಡಿಗಳಿಗೆ ಸುಮ್ನೆ ಒಂದು ಚೆಂಡು ಉರುಳಿಸುವ ಬೇಜಾರಿನ ಕೆಲಸ. ಆಟ ಮುಗಿದ ಮೇಲೆ ಕೇಳಿದಾಗ ದಿಂಬು ಹೊತ್ತವರು ತಮ್ಮ ಸಂಬಂಧದ ಬಗ್ಗೆ ಮೊದಲಿಗಿಂತ ಹೆಚ್ಚು ಖುಷಿಯಾಗಿದ್ದರು. ಆಡಿದ್ದು ಕೆಲವೇ ನಿಮಿಷ. ಅಂದರೆ ಇಬ್ಬರಿಗೂ ಹೊಸದಾದ, ಸ್ವಲ್ಪ ಒದ್ದಾಡಿಸುವ, ನಗಿಸುವ ಕೆಲಸವನ್ನು ಕೂಡಿ ಮಾಡಬೇಕು. ನಮ್ಮಲ್ಲಿ ಮದುವೆ ಮನೆಯಲ್ಲಿ ಹಾಲಿನ ತಟ್ಟೆಯಲ್ಲಿ ಉಂಗುರ ಹುಡುಕಿಸುವುದು ಇದಕ್ಕೇ ಅಲ್ವಾ? ನಾವು ಅದನ್ನು ಒಂದೇ ದಿನಕ್ಕೆ ಮುಗಿಸಿಬಿಡುತ್ತೇವೆ, ಅಷ್ಟೇ.

ಇನ್ನು ಹೊಸ್ತಿಲು ದಾಟುವ ವಿಚಾರ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಅವ್ವನಿಗೆ ಹೇಳಬೇಕಾದವರು ನೀವು, ನಿಮ್ಮ ಹೆಂಡತಿ ಅಲ್ಲ. ಸೊಸೆ ಕೇಳಿದರೆ ಅದು ಅಪ್ಪಣೆ ಕೇಳಿದ ಹಾಗೆ, ಮಗ ಹೇಳಿದರೆ ಅದು ಸುದ್ದಿ. "ಅವ್ವಾ, ಐತವಾರ ಸಂಜಿಕಿ ನಾವಿಬ್ಬರು ಶರಣಬಸವೇಶ್ವರ ಅಪ್ಪನ ಗುಡಿಗಿ ಹೋಗಿ, ಕೆರಿ ದಂಡಿಗಿ ಕೂತು ಬರ್ತೀವಿ. ಎಂಟಕ್ಕ ಮನ್ಯಾಗ ಇರ್ತೀವಿ. ಕೂಸಿನ್ನ ನೋಡ್ಕೋ" ಅಂತ ಶನಿವಾರವೇ ಹೇಳಿ. ಸುಳ್ಳು ನೆಪ ಬೇಡ. ಡಾಕ್ಟರ್ ಹತ್ತಿರ ಹೋಗುತ್ತೇವೆ ಅಂತ ಹೇಳಿ ಹೋದವರು ಓಣಿಯವರ ಕಣ್ಣಿಗೆ ಬಿದ್ದು ಪೇಚಿಗೆ ಸಿಕ್ಕಿದ್ದನ್ನು ಬೇಕಾದಷ್ಟು ಕೇಳಿದ್ದೇನೆ. ಹೇಳಿದ ಎಂಟಕ್ಕೆ ಬನ್ನಿ. ಮೊದಲನೇ ಸಲ ಎಂಟಕ್ಕೆ ಬಂದರೆ ಎರಡನೇ ಸಲ ಯಾರೂ ಕೇಳುವುದಿಲ್ಲ. ಮೂರನೇ ಸಲ ಅವ್ವನೇ "ಈ ವಾರ ಹೋಗಲ್ಲೇನು?" ಅನ್ನುತ್ತಾಳೆ. ಬರುವಾಗ ಅವ್ವ, ಅಪ್ಪನಿಗೆ ಎರಡು ಮಾಲ್ಪುರಿ ಕಟ್ಟಿಸಿಕೊಂಡು ಬನ್ನಿ. ಇದು ಲಂಚ ಅಲ್ಲ, ಹೊರಗೆ ಹೋದವರು ಕೈ ಬೀಸಿಕೊಂಡು ಬರಬಾರದು ಅನ್ನುವುದು ನಮ್ಮ ಮನೆಗಳ ಹಳೇ ರೂಢಿ.

ಶರಣಬಸವೇಶ್ವರ ಗುಡಿಗೂ ಅಪ್ಪನ ಕೆರೆಗೂ ನೀವು ಸಾವಿರ ಸಲ ಹೋಗಿರಬಹುದು. ಇಬ್ಬರೇ ಹೋಗಿದ್ದೀರಾ? ಸಂಜೆ ಬಿಸಿಲು ಇಳಿದ ಮೇಲೆ ಕೆರೆಯ ಸುತ್ತ ಒಂದು ಸುತ್ತು ನಡೆಯಿರಿ. ಸ್ಕೂಟರ್ ಮೇಲೆ ಹೋದರೆ ಮಾತು ಆಗುವುದಿಲ್ಲ, ಒಬ್ಬರು ಇನ್ನೊಬ್ಬರ ಬೆನ್ನು ನೋಡುತ್ತಿರುತ್ತೀರಿ. ನಡೆಯುವಾಗ ಮಾತು ತಾನಾಗಿ ಬರುತ್ತದೆ. ಎದುರುಬದುರು ಕುಳಿತರೆ ನಾಚುವ ಗಂಡಸರೂ ಪಕ್ಕಪಕ್ಕ ನಡೆಯುವಾಗ ಬಾಯಿ ಬಿಡುತ್ತಾರೆ. ಮನೆಯಿಂದ ಹುರಿದ ಶೇಂಗಾ, ಬೆಲ್ಲ ಕಟ್ಟಿಕೊಂಡು ಹೋಗಿ. ಶೇಂಗಾ ಸುಲಿಯುತ್ತಾ ಕುಳಿತರೆ ಕೈಗೆ ಕೆಲಸ ಇರುತ್ತದೆ, ಫೋನ್ ಕಡೆ ಕೈ ಹೋಗುವುದಿಲ್ಲ.

ಏನು ಮಾತಾಡಬೇಕು ಅನ್ನುವ ಚಿಂತೆ ಬರುತ್ತದೆ. ಮೊದಲ ಅರ್ಧ ಗಂಟೆ ಮೂರು ಮಾತಿಗೆ ಬಾಗಿಲು ಹಾಕಿ: ಸಾಲ, ಅತ್ತೆ, ಕೂಸಿನ ಕೆಮ್ಮು. ಆರನ್ ಅವರೇ 1997ರಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ 36 ಪ್ರಶ್ನೆಗಳಿದ್ದವು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದವರನ್ನು ಕೂಡಿಸಿ, ಮುಕ್ಕಾಲು ಗಂಟೆ ಆ ಪ್ರಶ್ನೆಗಳನ್ನು ಕೇಳಿಸಿದರು. ಮೇಲುಮೇಲಿನ ಪ್ರಶ್ನೆಯಿಂದ ಶುರುವಾಗಿ ಮನಸ್ಸಿನ ಒಳಗಿನ ಪ್ರಶ್ನೆಗೆ ಹೋಗುವ ಹಾಗೆ ಅವನ್ನು ಜೋಡಿಸಿದ್ದರು. ಸುಮ್ನೆ ಹರಟೆ ಹೊಡೆದವರಿಗಿಂತ ಇವರು ಹೆಚ್ಚು ಹತ್ತಿರವಾದರು. ನೀವು 36 ಕೇಳುವುದು ಬೇಡ, ಪರೀಕ್ಷೆ ಬರೆಸಿದ ಹಾಗಾಗುತ್ತದೆ. ಎರಡು ಸಾಕು. ಶಾಲೆಗೆ ಹೋಗುವಾಗ ನಿನ್ನ ಜೊತೆ ಯಾರು ಬರುತ್ತಿದ್ದರು? ನಮ್ಮ ಮನೆಗೆ ಬಂದ ಮೊದಲ ವಾರ ನಿನಗೆ ಯಾವುದು ಬಹಳ ಕಷ್ಟ ಅನಿಸಿತು? ಎರಡನೆಯದಕ್ಕೆ ಬರುವ ಉತ್ತರ ಸ್ವಲ್ಪ ಚುಚ್ಚಬಹುದು. ಆಗ "ನಮ್ಮವ್ವ ಹಂಗಲ್ಲ" ಅಂತ ವಾದಕ್ಕೆ ಇಳಿಯಬೇಡಿ. ಶೇಂಗಾ ತಿನ್ನಿ, ಕೇಳಿ.

ಮುಂದಿನ ವಾರ ಬಹಮನಿ ಕೋಟೆಗೆ ಹೋಗಿ. ಒಳಗಿನ ಜಾಮಿಯಾ ಮಸೀದಿ 1367ರದು. ಬೇರೆ ಮಸೀದಿಗಳಲ್ಲಿ ಇರುವ ತೆರೆದ ಅಂಗಳ ಇಲ್ಲಿಲ್ಲ, ಪೂರ್ತಿ ಮೇಲೆ ಮುಚ್ಚಿಗೆ. ಸಾಲು ಸಾಲು ಕಮಾನುಗಳ ಕೆಳಗೆ ಬಿಸಿಲು ತುಂಡು ತುಂಡಾಗಿ ಬಿದ್ದಿರುತ್ತದೆ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಕೋಟೆಯ ಮೇಲೆ 29 ಅಡಿ ಉದ್ದದ ತೋಪು ಇದೆ. ಅದರ ಉದ್ದ ಎಷ್ಟು ಹೆಜ್ಜೆ ಅಂತ ಇಬ್ಬರೂ ಅಳೆದು ನೋಡಿ, ಸೋತವರು ಚಹಾ ಕುಡಿಸಬೇಕು. ಹುಡುಗಾಟಿಕೆ ಅನಿಸುತ್ತಾ? ಅನಿಸಲಿ. ಮದುವೆಯಾದ ಮೇಲೆ ನಾವು ಬಿಟ್ಟುಬಿಡುವುದು ಇದನ್ನೇ. ಹಫ್ತ್ ಗುಂಬಜ್, ಗುಲ್ಬರ್ಗಾ ವಿಶ್ವವಿದ್ಯಾಲಯದ ಕಡೆ ಇರುವ ಬುದ್ಧ ವಿಹಾರ ಕೂಡ ಸಂಜೆಗೆ ಚೆನ್ನಾಗಿರುತ್ತವೆ. ಬುದ್ಧ ವಿಹಾರದಲ್ಲಿ ಮಾತು ಕಡಿಮೆ ಮಾಡಿ ಸುಮ್ನೆ ಕುಳಿತು ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಇದೆಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ನಮ್ಮ ಊರಿನ 43 ಡಿಗ್ರಿಯಲ್ಲಿ ಪ್ರೀತಿಗೂ ತಲೆ ತಿರುಗುತ್ತದೆ.

ಆ ಎರಡು ತಿಂಗಳಿಗೆ ಮಾಳಿಗೆ ಇದೆ. ಸಂಜೆ ಎರಡು ಕೊಡ ನೀರು ಚೆಲ್ಲಿ, ಕಾವು ಇಳಿದ ಮೇಲೆ ಚಾಪೆ ಹಾಸಿ. ಮನೆಯವರೆಲ್ಲ ಅಲ್ಲೇ ಮಲಗುವ ರೂಢಿ ಇದ್ದರೆ, ಅವರು ಮೇಲೆ ಬರುವ ಮೊದಲಿನ ಒಂದು ಗಂಟೆ ನಿಮ್ಮದು. ಅವತ್ತು ಅಡುಗೆ ನೀವು ಮಾಡಿ. ಚುರುಮುರಿ ಕಲಸುವುದು ಯಾರಿಗೆ ಬರಲ್ಲ? ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು, ನಿಂಬೆಹುಳಿ, ಮೇಲೆ ಸ್ವಲ್ಪ ಶೇಂಗಾ. ಹೆಂಡತಿ ಒಂದು ಸಂಜೆ ಒಲೆ ಹಚ್ಚದೆ ಕುಳಿತು ತಿಂದರೆ, ಅದು ಆಕೆಗೆ ಯಾವ ಹೋಟೆಲಿಗೂ ಕಡಿಮೆ ಇಲ್ಲ. ನಂತರ ಪಾತ್ರೆ ಯಾರು ತೊಳೆದರು ಅನ್ನುವುದರ ಮೇಲೆ ನಿಮಗೆ ಮಾರ್ಕ್ಸ್.

ನಿಮ್ಮ ಪತ್ರದಲ್ಲಿ ನನಗೆ ಬಹಳ ಖುಷಿ ಕೊಟ್ಟ ವಿಷಯ ಆಕೆ ಶಹಾಪುರದವಳು ಅನ್ನುವುದು. ತಿಂಗಳಿಗೊಂದು ಐತವಾರ ಅದಕ್ಕೆ ಇಡಿ. ತವರಿಗೆ ಕಳಿಸಿ ಬರುವುದಲ್ಲ, ಆಕೆ ನಿಮಗೆ ತನ್ನ ಊರು ತೋರಿಸುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಆಕೆಗೆ ಗುರುತಿನ ಚೀಟಿ ತೋರಿಸಿದರೆ ಟಿಕೆಟ್ ಉಚಿತ. ಜೋಡಿ ಪ್ರಯಾಣಕ್ಕೆ ಒಂದೇ ಟಿಕೆಟ್ ದುಡ್ಡು. ಕೆಲವು ಗಂಡಂದಿರು ಕಂಡಕ್ಟರ್ ಮುಂದೆ "ಅಕಿದು ಫ್ರೀ, ನಂದಷ್ಟೇ ರೊಕ್ಕ" ಅಂತ ಗೊಣಗುವುದನ್ನು ಕೇಳಿದ್ದೇನೆ. ನೀವು ಗೊಣಗಬೇಡಿ, ಕಿಟಕಿ ಪಕ್ಕದ ಸೀಟು ಆಕೆಗೆ ಬಿಡಿ.

ಜೇವರ್ಗಿಗೆ ಮೊದಲು ಭೀಮಾ ನದಿಯ ಸೇತುವೆ ಬರುತ್ತದೆ. ಅಲ್ಲಿಂದ ಮುಂದೆ ಆಕೆ ಸ್ವಲ್ಪ ಬದಲಾಗುವುದನ್ನು ಗಮನಿಸಿ. ಊರು ಹತ್ತಿರ ಬಂದ ಹಾಗೆ ಮಾತು ಜೋರಾಗುತ್ತದೆ, ನುಡಿ ಕೂಡ ತವರಿನದಾಗುತ್ತದೆ. ಶಹಾಪುರದ ಗುಡ್ಡದ ಸಾಲು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಬೇರೆ ಬೇರೆ ಗುಡ್ಡ. ಎಲ್ಲಿ ನಿಂತರೆ ಸರಿಯಾಗಿ ಕಾಣುತ್ತದೆ ಅನ್ನುವುದು ಆ ಊರಿನವರಿಗೆ ಗೊತ್ತಿರುತ್ತದೆ. ನೀವು ಗೂಗಲ್ ನೋಡಬೇಡಿ, ಆಕೆಯನ್ನೇ ಕೇಳಿ. ಅಲ್ಲಿಂದ ಆಕೆಯ ಶಾಲೆ, ಆಕೆ ಐಸ್ ಕ್ಯಾಂಡಿ ತಿನ್ನುತ್ತಿದ್ದ ಅಂಗಡಿ, ಬಿದ್ದು ಮೊಣಕಾಲು ಒಡೆದುಕೊಂಡ ಓಣಿ. ಮೂರು ವರ್ಷದಿಂದ ಆಕೆ ನಿಮ್ಮ ಊರಿನಲ್ಲಿ ದಾರಿ ಕೇಳಿಕೊಂಡು ನಡೆದಿದ್ದಾಳೆ. ಒಂದು ದಿನ ನೀವು ಆಕೆಯ ಹಿಂದೆ ನಡೆಯಿರಿ.

ನಿಮ್ಮ ಅವ್ವ ದೇವರ ಹೆಸರು ಇದ್ದರೆ ಬೇಗ ಒಪ್ಪುತ್ತಾರೆ ಅನ್ನುವುದಾದರೆ ಚಿತ್ತಾಪುರ ತಾಲೂಕಿನ ಸನ್ನತಿ ಚಂದ್ರಲಾಂಬಾ ದೇವಿಗೆ ಹೋಗಿ ಬನ್ನಿ. ಭೀಮಾ ದಂಡೆಯ ಊರು. ಪಕ್ಕದ ಕನಗನಹಳ್ಳಿಯಲ್ಲಿ ಹಳೆಯ ಬೌದ್ಧ ಸ್ತೂಪ ಅಗೆದು ತೆಗೆದಿದ್ದಾರೆ. ಅಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಅಶೋಕ ರಾಣಿಯ ಜೊತೆ ನಿಂತಿದ್ದಾನೆ, "ರಾಯ ಅಸೋಕೋ" ಅಂತ ಬ್ರಾಹ್ಮಿಯಲ್ಲಿ ಹೆಸರು ಕೂಡ ಇದೆ. ಅಷ್ಟು ದೊಡ್ಡ ರಾಜನಿಗೂ ಜೋಡಿಯಾಗಿ ನಿಲ್ಲಲು ಪುರುಸೊತ್ತಿತ್ತು ಅಂತ ನಾನು ನನ್ನ ಹತ್ತಿರ ಬರುವ ವ್ಯಾಪಾರಿಗಳಿಗೆ ಹೇಳುತ್ತಿರುತ್ತೇನೆ.

ಬೀದರ್‌ಗೆ ಒಂದು ಪೂರ್ತಿ ದಿನ ಬೇಕು, ಕೂಸು ಇನ್ನೊಂದು ವರ್ಷ ದೊಡ್ಡದಾಗಲಿ. 2017ರಿಂದ ಕಲಬುರಗಿ–ಬೀದರ್ ರೈಲು ಮಾರ್ಗ ಇದೆ, ಬಸ್ಸಂತೂ ಇದ್ದೇ ಇದೆ. ಕೋಟೆ ನೋಡಿ, ಚೌಬಾರಾ ಸುತ್ತಲಿನ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವವರ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸತು, ತಾಮ್ರ ಬೆರೆಸಿದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊಳ್ಳಲೇಬೇಕು ಅಂತಿಲ್ಲ. ನೋಡುವುದಕ್ಕೆ ದುಡ್ಡಿಲ್ಲ.

ಚಳಿಗಾಲದ್ದು ಒಂದು ಮಾತು ಹೇಳದೆ ಬಿಡಲಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಮನೆ ಮಂದಿಯೆಲ್ಲ ಹೋಗುತ್ತೇವೆ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಆಗುತ್ತದೆ. ಅದು ಎಲ್ಲರ ಹಬ್ಬ. ಅದಾದ ಮೇಲೆ ಸೀತನಿ ಕಾಲದಲ್ಲಿ ಇಬ್ಬರೇ ಒಮ್ಮೆ ಪರಿಚಯದವರ ಹೊಲಕ್ಕೆ ಹೋಗಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಬೇಕು. ಒಬ್ಬರು ಉಜ್ಜಿದರೆ ಇನ್ನೊಬ್ಬರು ಹೊಟ್ಟು ಊದಬೇಕು. ಊದುವಾಗ ಹೊಟ್ಟು ಎದುರಿಗಿದ್ದವರ ಕಣ್ಣಿಗೇ ಹೋಗುತ್ತದೆ, ಬೈಗುಳ ಬೀಳುತ್ತದೆ, ಮತ್ತೆ ಆಕೆಯ ಕಣ್ಣನ್ನು ಸೆರಗಿನ ತುದಿಯಿಂದ ಒರೆಸಬೇಕಾಗುತ್ತದೆ. ಶೇಂಗಾ ಹಿಂಡಿ, ಬೆಲ್ಲದ ಜೊತೆ ಒಂದೇ ಎಲೆಯಲ್ಲಿ ತಿನ್ನಿ. ಅಂಗೈ ಎರಡು ದಿನ ಕಪ್ಪಗಿರುತ್ತದೆ. ಸೋಮವಾರ ಮಿಲ್‌ನಲ್ಲಿ ಲೆಕ್ಕದ ಪುಸ್ತಕಕ್ಕೆ ಮಸಿ ಹತ್ತಿದರೆ ಯಾರಿಗೂ ಕಾರಣ ಹೇಳಬೇಡಿ.

ಒಂದೆರಡು ಎಚ್ಚರ. ಸ್ಟೇಟಸ್‌ಗೆ ಫೋಟೋ ಹಾಕುವುದು ಬೇಡ ಅನ್ನುವುದಿಲ್ಲ, ಒಂದು ತೆಗೆದು ಫೋನ್ ಒಳಗಿಡಿ. ಇಪ್ಪತ್ತು ತೆಗೆದರೆ ಸಂಜೆ ಫೋಟೋದವರದಾಗುತ್ತದೆ. ಹೋಗುವ ಮೊದಲೇ ಖರ್ಚಿನ ಮಿತಿ ಇಬ್ಬರೂ ಕೂಡಿ ಗೊತ್ತು ಮಾಡಿ. ನೂರೈವತ್ತು ಅಂದರೆ ನೂರೈವತ್ತು, ಆ ರೊಕ್ಕ ಆಕೆಯ ಕೈಯಲ್ಲಿ ಕೊಡಿ. ತಹರಿ ತಿನ್ನಬೇಕಾ, ಕಬ್ಬಿನ ಹಾಲು ಕುಡಿದು ಉಳಿಸಬೇಕಾ, ಆಕೆ ನೋಡಿಕೊಳ್ಳುತ್ತಾಳೆ. ಪ್ರತಿಯೊಂದಕ್ಕೂ ಗಂಡನ ಜೇಬಿನ ಕಡೆ ನೋಡುವುದು ಎಷ್ಟು ಮುಜುಗರ ಅನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಮತ್ತೆ, ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ನಗಬೇಡಿ, ಕರೆದುಕೊಂಡು ಹೋದವರಿದ್ದಾರೆ.

ಇನ್ನು ಮಾರ್ಚ್‌ನ ಮದುವೆಯ ದಿನ. ನಿಮ್ಮ ಅದೃಷ್ಟ ಚೆನ್ನಾಗಿದೆ, ಬಹಳ ಸಲ ಅದು ಶರಣಬಸವೇಶ್ವರ ಜಾತ್ರೆಯ ಹೊತ್ತಿಗೇ ಬರುತ್ತದೆ. ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು, ಅದಾದ ಮೇಲೂ ಎಷ್ಟೋ ದಿನ ಅಂಗಡಿಗಳು ಇರುತ್ತವೆ. ತೇರಿನ ದಿನದ ನೂಕುನುಗ್ಗಲು ಬಿಟ್ಟು, ನಡುವಿನ ಒಂದು ಸಂಜೆ ಇಬ್ಬರೇ ಹೋಗಿ. ಬೆಂಡು ಬತ್ತಾಸು ಕೊಳ್ಳಿ, ತೊಟ್ಟಿಲಲ್ಲಿ ಕೂಡಿ. ಆಮೇಲೆ ಬಳೆ ಅಂಗಡಿಗೆ ಕರೆದುಕೊಂಡು ಹೋಗಿ. ರೊಕ್ಕ ಕೊಟ್ಟು ದೂರ ನಿಂತು ಫೋನ್ ನೋಡುವ ಗಂಡಸರ ಸಾಲಿಗೆ ಸೇರಬೇಡಿ, ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಹಸಿರು ಗಾಜಿನ ಬಳೆ ಆಕೆಯ ಮುಷ್ಟಿ ದಾಟುವಾಗ ಹೆಬ್ಬೆರಳಿನ ಗಂಟಿನ ಹತ್ತಿರ ನೋವಾಗುತ್ತದೆ. ಆಗ ಆಕೆ ಹಿಡಿದುಕೊಳ್ಳಲಿಕ್ಕೆ ನಿಮ್ಮ ತೋಳು ಅಲ್ಲಿರಲಿ.

ಬಳೆಗಾರ ಮೊದಲು ಕೇಳುವುದು ಅಳತೆ. ಎರಡು ನಾಲ್ಕಾ, ಎರಡು ಆರಾ? ಮೂರು ವರ್ಷವಾಯಿತು, ನಿಮಗೆ ಗೊತ್ತಿದೆಯಾ? ಇಲ್ಲದಿದ್ದರೆ ಮಾರ್ಚ್‌ಗೆ ಇನ್ನೂ ಸಮಯ ಇದೆ.